ಪಟ್ಟೆ, ಚುಕ್ಕೆ, ಬಂಗಾರ: ಬಿಸಿಲು ನಾಡಿನಲ್ಲಿ ಡೇನಿಯೋ ತಳಿ

ಅಕ್ವೇರಿಯಂ ಅಂಗಡಿಯಲ್ಲಿ ಒಂದೂವರೆ ಇಂಚಿನ ಪುಟ್ಟ ಮೀನುಗಳ ತೊಟ್ಟಿಯ ಮುಂದೆ ನಿಂತರೆ ಅಂಗಡಿಯಾತ ನಾಲ್ಕು ಹೆಸರು ಹೇಳುತ್ತಾನೆ. ಮೈಯುದ್ದಕ್ಕೂ ನೀಲಿ ಪಟ್ಟೆಯಿದ್ದರೆ ಜೀಬ್ರಾ, ಪಟ್ಟೆ ಒಡೆದು ಚುಕ್ಕೆಯಾಗಿದ್ದರೆ ಲೆಪರ್ಡ್, ತಿಳಿಹಳದಿ ಮೈಯದು ಗೋಲ್ಡನ್, ರೆಕ್ಕೆ ಬಾಲ ಉದ್ದವಿದ್ದರೆ ಲಾಂಗ್ ಫಿನ್. ದರವೂ ಬೇರೆ ಬೇರೆ. ನಿಜದಲ್ಲಿ ನಾಲ್ಕೂ ಒಂದೇ ಜಾತಿಯ ಮೀನು, ಡೇನಿಯೋ ರೆರಿಯೋ. ಒಂದೆರಡು ಜೀನ್‌ಗಳಲ್ಲಿ ಆದ ಸಣ್ಣ ಬದಲಾವಣೆಯಷ್ಟೇ ಅವುಗಳ ನಡುವಿನ ಅಂತರ. ಈ ಸಂಗತಿ ತಿಳಿದವನು ನಾಲ್ಕು ಬಗೆಯನ್ನೂ ದುಡ್ಡು ಕೊಟ್ಟು ತರಬೇಕಿಲ್ಲ. ಸರಿಯಾದ ಎರಡು ಮೂರು ಬಗೆ ತಂದು ಲೆಕ್ಕ ಇಟ್ಟು ಕೂಡಿಸಿದರೆ ಉಳಿದವು ಮನೆಯಲ್ಲೇ ಹುಟ್ಟುತ್ತವೆ.

ರಾಯಚೂರು ಸೀಮೆಯಲ್ಲಿ ಮೀನು ಸಾಕಲು ಹೊರಟವರಿಗೆ ಈ ಜಾತಿಯನ್ನೇ ಹೇಳಲು ಬೇರೆ ಕಾರಣಗಳೂ ಇವೆ. ಇಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಬೋರ್‌ವೆಲ್ ನೀರು ಗಡಸು, ಕರೆಂಟು ನಂಬುವಂತಿಲ್ಲ. ಡಿಸ್ಕಸ್, ಏಂಜಲ್‌ನಂಥ ಸುಕುಮಾರ ಮೀನುಗಳನ್ನು ತಂದು ಕೈ ಸುಟ್ಟುಕೊಂಡವರು ಮತ್ತೆ ತೊಟ್ಟಿಯ ಹತ್ತಿರ ಸುಳಿಯುವುದಿಲ್ಲ. ಡೇನಿಯೋ ಗಟ್ಟಿ ಜೀವ. ಪ್ರಯೋಗಾಲಯದಲ್ಲಿ ನಿಧಾನವಾಗಿ ಒಗ್ಗಿಸಿದಾಗ ಅದು 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೂ, ತಂಪಿನ ಕಡೆಗೆ 6–7 ಡಿಗ್ರಿಯವರೆಗೂ ತಾಳಿದ ದಾಖಲೆಯಿದೆ. ತಾಳುವುದು ಬೇರೆ, ಬಾಳುವುದು ಬೇರೆ. ಆ ಮಾತು ಮುಂದೆ ಬರುತ್ತದೆ. ಕಾಡಿನ ಡೇನಿಯೋ ಇರುವುದು ನಿಧಾನ ಹರಿಯುವ ಹಳ್ಳ, ತೋಡು, ಕೊಳ, ಭತ್ತದ ಗದ್ದೆಗಳಲ್ಲಿ. ರಾಯಚೂರು–ಮಾನ್ವಿ ರಸ್ತೆಯ ನೀರಮಾನ್ವಿಯಿಂದ ಸಿಂಧನೂರಿನ ತನಕ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟಿದ ನೆಲವೆಲ್ಲ ಭತ್ತವೇ. ಆ ಕಡೆ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯಿಂದ ಕೃಷ್ಣೆಯ ನೀರು. ಗದ್ದೆಯ ಮೀನನ್ನು ಗದ್ದೆಯ ನಾಡಿನಲ್ಲಿ ಸಾಕುವುದಕ್ಕೆ ಹೊರಗಿನಿಂದ ತರಬೇಕಾದದ್ದು ಕಡಿಮೆ.

ಈ ಮೀನಿಗೆ ಶಾಸ್ತ್ರೀಯ ಹೆಸರಿಟ್ಟವನು ಕನ್ನಡಿಗರಿಗೆ ಪರಿಚಿತನೇ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ ಬೆಳೆ, ಮಣ್ಣು, ಜಾತಿ, ಸುಂಕ ಎಲ್ಲವನ್ನೂ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಆತ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆ ಪ್ರವಾಸ ಕಥನವನ್ನು ನಮ್ಮ ಚರಿತ್ರೆಕಾರರು ಇಂದಿಗೂ ತಿರುವಿ ಹಾಕುತ್ತಾರೆ. ಆಮೇಲೆ ಬಂಗಾಳದ ಸರ್ವೆಗೆ ಹೋದ ಬುಕಾನನ್ ಅಲ್ಲಿನ ನದಿಗಳ ಮೀನುಗಳನ್ನೂ ಬಿಡಲಿಲ್ಲ. ತಾಯಿಯ ಕಡೆಯ ಹ್ಯಾಮಿಲ್ಟನ್ ಹೆಸರನ್ನು ಇಟ್ಟುಕೊಂಡ ನಂತರ, 1822ರಲ್ಲಿ, ಗಂಗೆ ಮತ್ತು ಅದರ ಉಪನದಿಗಳ ಮೀನುಗಳ ಮೇಲೆ ಪುಸ್ತಕ ಹೊರತಂದ. ಕೋಸಿ ನದಿಯ ಈ ಪಟ್ಟೆ ಮೀನು ಅದರಲ್ಲಿದೆ. ಆತ ರಾಯಚೂರು ದೋಆಬಿಗೆ ಕಾಲಿಡಲಿಲ್ಲ, ಆಗ ಇದು ನಿಜಾಮನ ಸೀಮೆ. ಮೀನಿನ ನೆಲೆಯ ಕೇಂದ್ರ ಗಂಗಾ–ಬ್ರಹ್ಮಪುತ್ರಾ ಬಯಲೇ ಆದರೂ ಗೋದಾವರಿ, ಪೆನ್ನಾರ್, ಕಾವೇರಿ ಕೊಳ್ಳಗಳಲ್ಲೂ ಅದು ಸಿಕ್ಕಿದ ದಾಖಲೆಗಳಿವೆ.

ಬಣ್ಣದ ಕಥೆಗೆ ಬರೋಣ. ಜೀಬ್ರಾ ಡೇನಿಯೋದ ಚರ್ಮದಲ್ಲಿ ಮೂರು ಬಗೆಯ ಬಣ್ಣದ ಕೋಶಗಳಿವೆ: ಕಪ್ಪು, ಹಳದಿ, ಬೆಳ್ಳಿಹೊಳಪು. ಇವು ಒಂದನ್ನೊಂದು ತಳ್ಳುತ್ತ, ಒಂದನ್ನೊಂದು ಸೆಳೆಯುತ್ತ ಮರಿಯ ಮೈಮೇಲೆ ಸಾಲುಗಟ್ಟುತ್ತವೆ. ಇಂಥ ಸರಳ ತಳ್ಳಾಟದಿಂದಲೇ ಪಟ್ಟೆ, ಚುಕ್ಕೆ ಮೂಡಬಹುದೆಂದು ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲೇ ಕಾಗದದ ಮೇಲೆ ತೋರಿಸಿದ್ದ. ಅರ್ಧ ಶತಮಾನದ ನಂತರ ಜಪಾನಿನ ವಿಜ್ಞಾನಿಗಳು ಅದನ್ನು ಈ ಮೀನಿನ ಮೈಮೇಲೆ ಪರೀಕ್ಷಿಸಿದರು.

ಚುಕ್ಕೆಯ ಲೆಪರ್ಡ್ ವಿಜ್ಞಾನಿಗಳನ್ನೇ ಏಮಾರಿಸಿದ ಮೀನು. ಅದನ್ನು ನೋಡಿದ ಜರ್ಮನಿಯ ಮೈನ್ಕೆನ್ 1963ರಲ್ಲಿ ಹೊಸ ಜಾತಿಯೆಂದೇ ಭಾವಿಸಿ ಬ್ರಾಕಿಡೇನಿಯೋ ಫ್ರಾಂಕೈ ಎಂದು ಹೆಸರಿಟ್ಟ. ಕಾಡಿನಲ್ಲಿ ಹುಡುಕಿದರೆ ಇಲ್ಲ. ಜೀಬ್ರಾದೊಂದಿಗೆ ಕೂಡಿಸಿದರೆ ಮರಿಗಳಾದವು, ಆ ಮರಿಗಳಿಗೂ ಮರಿಗಳಾದವು. ಬೇರೆ ಜಾತಿಯಾಗಿದ್ದರೆ ಹಾಗೆ ಸಲೀಸಾಗಿ ಆಗುವುದಿಲ್ಲ. ಬಣ್ಣದ ಕೋಶಗಳು ಅಕ್ಕಪಕ್ಕದ ಕೋಶಗಳೊಂದಿಗೆ ಸಂಪರ್ಕ ಇಟ್ಟುಕೊಳ್ಳುವ ಬಾಗಿಲಿನ ಪ್ರೋಟೀನೊಂದರ ಜೀನ್ ಕೆಟ್ಟಿರುವುದೇ ಚುಕ್ಕೆಗೆ ಕಾರಣವೆಂದು 2006ರಲ್ಲಿ ಗೊತ್ತಾಯಿತು.

ಗೋಲ್ಡನ್‌ನ ಕಥೆ ಇನ್ನೂ ದೂರ ಹೋಗುತ್ತದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅಂಗಡಿಯಿಂದ ತಂದ ಡೇನಿಯೋಗಳನ್ನು ಇಟ್ಟುಕೊಂಡು ಕೆಲಸ ಶುರುಮಾಡಿ, ಒಂದೇ ತದ್ರೂಪಿನ ಮೀನುಗಳನ್ನು ಪಡೆಯುವ ವಿಧಾನವನ್ನು 1981ರಲ್ಲಿ ಪ್ರಕಟಿಸಿದರು. ಬಂಗಾರದ ಬಣ್ಣವೇ ಆ ಪ್ರಯೋಗದಲ್ಲಿ ಗುರುತಿನ ಚೀಟಿ. ಇವತ್ತು ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲೂ, ಡೇನಿಯೋ ತೊಟ್ಟಿಗಳಿರುವುದಕ್ಕೆ ಬುನಾದಿ ಬಿದ್ದದ್ದು ಅಲ್ಲಿ. 2005ರಲ್ಲಿ ಗೋಲ್ಡನ್ ಜೀನ್ ಯಾವುದೆಂದು ಪತ್ತೆಯಾದಾಗ ಅಚ್ಚರಿ ಕಾದಿತ್ತು: ಅದೇ ಜೀನ್ ಮನುಷ್ಯರಲ್ಲೂ ಇದೆ, ಅದರಲ್ಲಿನ ಒಂದು ಅಕ್ಷರದ ಬದಲಾವಣೆ ಯೂರೋಪಿನವರ ತಿಳಿಬಣ್ಣಕ್ಕೆ ಮುಖ್ಯ ಕಾರಣಗಳಲ್ಲೊಂದು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳೂ ಇದ್ದ ತಂಡ 2013ರಲ್ಲಿ ಭಾರತೀಯರ ಮೈಬಣ್ಣದ ಹಿಂದೆಯೂ ಅದೇ ಬದಲಾವಣೆಯ ಪಾತ್ರವಿದೆಯೆಂದು ತೋರಿಸಿತು. ಮದುವೆ ಮಾತುಕತೆಯಲ್ಲಿ ಬಣ್ಣ ನೋಡುವವರು ಒಮ್ಮೆ ಮೀನಿನ ತೊಟ್ಟಿಯನ್ನೂ ನೋಡುವುದು ಒಳ್ಳೆಯದು.

ಈಗ ಲೆಕ್ಕ. ಗೋಲ್ಡನ್ ಗುಣವೂ ಲೆಪರ್ಡ್ ಗುಣವೂ ಅಡಗುವ ಜಾತಿಯವು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತವೆ. ಗೋಲ್ಡನ್ ಗಂಡನ್ನು ಪಟ್ಟೆಯ ಹೆಣ್ಣಿನೊಂದಿಗೆ ಬಿಟ್ಟರೆ ಹುಟ್ಟುವ ಮರಿಗಳೆಲ್ಲ ಪಟ್ಟೆಯವೇ. ಬಹಳ ಮಂದಿ ಇಲ್ಲಿಗೇ ಕೈಬಿಡುತ್ತಾರೆ, ಅಂಗಡಿಯಾತ ಮೋಸ ಮಾಡಿದ ಎನ್ನುತ್ತಾರೆ. ಆ ಪಟ್ಟೆ ಮರಿಗಳನ್ನೇ ಬೆಳೆಸಿ ತಮ್ಮತಮ್ಮಲ್ಲಿ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ನಾಲ್ಕಕ್ಕೆ ಒಂದರಂತೆ ಗೋಲ್ಡನ್ ಹೊರಬರುತ್ತದೆ. ಹತ್ತಿ ಬೆಳೆಯುವ ಮಾನ್ವಿ, ದೇವದುರ್ಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡದಲ್ಲಿ ಬಿ.ಎಚ್. ಕಾತರಕಿ ರೂಪಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯ ಕಾಲದಿಂದಲೂ ಅವರು ಕಂಡದ್ದೇ ಇದು: ಹೈಬ್ರಿಡ್ ಬೀಜದ ಮೊದಲ ಬೆಳೆ ಒಂದೇ ಸಮ, ಅದರ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಹೊಲ ಪೂರ್ತಿ ಬೆರಕೆ. ಬಿತ್ತನೆಗೆ ನಷ್ಟವಾಗುವ ಆ ಬೆರಕೆಯೇ ಬಣ್ಣದ ಮೀನಿನವನಿಗೆ ಬೇಕಾದದ್ದು.

ಗೋಲ್ಡನ್ ಮತ್ತು ಲೆಪರ್ಡ್ ಎರಡನ್ನೂ ಕೂಡಿಸಿದರೆ ಇನ್ನೂ ತಮಾಷೆ. ಮೊದಲ ಮರಿಗಳಲ್ಲಿ ಬಂಗಾರವೂ ಇಲ್ಲ, ಚುಕ್ಕೆಯೂ ಇಲ್ಲ, ಎಲ್ಲ ಸಾದಾ ಪಟ್ಟೆ. ಅವುಗಳ ಮರಿಗಳಲ್ಲಿ ಹದಿನಾರಕ್ಕೆ ಒಂಬತ್ತು ಪಟ್ಟೆ, ಮೂರು ಗೋಲ್ಡನ್, ಮೂರು ಲೆಪರ್ಡ್, ಒಂದು ಮಾತ್ರ ಬಂಗಾರದ ಮೈಯಲ್ಲಿ ಚುಕ್ಕೆಯಿರುವ ಗೋಲ್ಡನ್ ಲೆಪರ್ಡ್. ಇನ್ನೂರು ಮರಿ ಉಳಿದರೆ ಹನ್ನೆರಡು ಹದಿಮೂರು. ಆ ಹನ್ನೆರಡನ್ನು ಬೇರೆ ತೊಟ್ಟಿಗೆ ಹಾಕಿ ಅವುಗಳೊಳಗೇ ಮರಿ ಮಾಡಿಸಿದರೆ ಅಲ್ಲಿಂದಾಚೆ ಎಲ್ಲ ಮರಿಗಳೂ ಅದೇ ಬಣ್ಣ. ಲಾಂಗ್ ಫಿನ್ ಇದಕ್ಕೆ ತದ್ವಿರುದ್ಧ, ಅದು ಮೆರೆಯುವ ಗುಣ. ಒಂದು ಕಡೆಯಿಂದ ಬಂದರೆ ಸಾಕು, ಮೊದಲ ಪೀಳಿಗೆಯಲ್ಲೇ ಅರ್ಧದಷ್ಟೋ ಪೂರ್ತಿಯೋ ಉದ್ದ ರೆಕ್ಕೆಯವು. ಆತುರದವರು ಅಲ್ಲಿಂದ ಶುರುಮಾಡಬಹುದು.

ಒಂದು ತೊಡಕನ್ನು ಮೊದಲೇ ಹೇಳಿಬಿಡಬೇಕು. ಎರಡು ಊರಿನ ಅಂಗಡಿಗಳಿಂದ ತಂದ ಎರಡು ಬಿಳಿಚು ಮೀನುಗಳನ್ನು ಕೂಡಿಸಿದಾಗ ಮರಿಗಳೆಲ್ಲ ಅಚ್ಚ ಪಟ್ಟೆಯವಾಗಿ ಹುಟ್ಟಬಹುದು. ಒಂದು ಗೋಲ್ಡನ್, ಇನ್ನೊಂದು ಆಲ್ಬಿನೋ ಆಗಿದ್ದರೆ ಹೀಗಾಗುತ್ತದೆ. ಎರಡರಲ್ಲೂ ಕಪ್ಪು ಕಡಿಮೆ, ಆದರೆ ಕೆಟ್ಟಿರುವ ಜೀನ್ ಬೇರೆ ಬೇರೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ. ಕಣ್ಣು ನೋಡಿ ಕೊಂಡರೆ ಈ ಪೇಚು ತಪ್ಪುತ್ತದೆ: ಗೋಲ್ಡನ್ ಬೆಳೆದಾಗ ಕಣ್ಣು ಕಪ್ಪಾಗಿರುತ್ತದೆ, ಆಲ್ಬಿನೋದ ಕಣ್ಣು ಕೆಂಪು ಛಾಯೆಯದು.

ಡೇನಿಯೋ ಹೆಸರಿನಲ್ಲಿ ಮಾರುವ ಬೇರೆ ಜಾತಿಗಳೂ ಇವೆ. ಮುತ್ತಿನ ಹೊಳಪಿನ ಪರ್ಲ್ ಡೇನಿಯೋ ಬರ್ಮಾ ಕಡೆಯದು. ಜೀಬ್ರಾದೊಂದಿಗೆ ಇದ್ದರೆ ಇದೂ ಕೂಡುತ್ತದೆ, ಮರಿಯೂ ಆಗುತ್ತದೆ, ಆದರೆ ಆ ಮರಿಗಳು ಬಂಜೆ. ತಳಿ ಮಾಡುವವರು ಎರಡನ್ನೂ ಒಟ್ಟಿಗೆ ಇಡಬಾರದು. ಕಿತ್ತಳೆ ಗೆರೆಯ ಗ್ಲೋಲೈಟ್ ಡೇನಿಯೋವನ್ನು ವಿವರಿಸಿದವರು ನಮ್ಮವರೇ ಆದ ಸುಂದರ್ ಲಾಲ್ ಹೋರಾ, 1928ರಲ್ಲಿ. ಕಡುನೀಲಿ ಮೈಮೇಲೆ ಬಿಳಿ ಚುಕ್ಕೆಯ ಗ್ಯಾಲಕ್ಸಿ ಮೀನು ಮ್ಯಾನ್ಮಾರಿನಲ್ಲಿ ಸಿಕ್ಕಿದ್ದು 2006ರಲ್ಲಷ್ಟೇ; ಅದು ತಂಪು ಬಯಸುವ ಮೀನು, ರಾಯಚೂರಿನ ಮೇ ತಿಂಗಳಿಗೆ ಅದನ್ನು ತರುವುದು ಕ್ರೌರ್ಯ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಮಿಂಚುವ ಮಲಬಾರ್ ಡೇನಿಯೋವನ್ನು 1849ರಲ್ಲಿ ವಿವರಿಸಿದವನು ಹಕ್ಕಿಗಳ ಪುಸ್ತಕಗಳಿಂದ ಹೆಸರಾದ ಟಿ.ಸಿ. ಜೆರ್ಡನ್. ನಾಲ್ಕು ಇಂಚು ಬೆಳೆಯುವ, ನೆಗೆಯುವ ಈ ಮೀನಿಗೆ ಮೂರು ಅಡಿಗಿಂತ ಉದ್ದದ ತೊಟ್ಟಿ, ಭದ್ರವಾದ ಮುಚ್ಚಳ ಬೇಕು. ಜೀಬ್ರಾದ ಮೊಟ್ಟೆ ತಳಕ್ಕೆ ಉದುರಿದರೆ ಇದರ ಮೊಟ್ಟೆ ಅಂಟು, ಗಿಡಗಳ ಎಲೆಗೆ ಹಿಡಿದುಕೊಳ್ಳುತ್ತದೆ.

ಇನ್ನು ಅಂಗಡಿಯ ನೀಲಿ ದೀಪದ ಕೆಳಗೆ ಗುಲಾಬಿ, ಹಸಿರು, ಕಿತ್ತಳೆಯಾಗಿ ಉರಿಯುವ ಡೇನಿಯೋಗಳು. ಇವು ತಳಿಗಾರರ ಕೈಚಳಕವಲ್ಲ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಜಿಯುವಾನ್ ಗಾಂಗ್ ಅವರ ತಂಡ 1999ರ ಸುಮಾರಿಗೆ ಅಂಬಲಿ ಮೀನಿನ (ಜೆಲ್ಲಿಫಿಶ್) ಹೊಳೆಯುವ ಪ್ರೋಟೀನಿನ ಜೀನನ್ನು ಡೇನಿಯೋ ಮೊಟ್ಟೆಗೆ ಸೇರಿಸಿತು. ನೀರಿನ ಮಾಲಿನ್ಯವನ್ನು ಹೊಳೆದು ತೋರಿಸುವ ಮೀನು ಮಾಡುವುದು ಉದ್ದೇಶ. ಅದು ಗ್ಲೋಫಿಶ್ ಹೆಸರಿನಲ್ಲಿ 2003ರ ಕೊನೆಗೆ ಅಮೆರಿಕದ ಅಂಗಡಿಗಳಿಗೆ ಬಂತು. ಭಾರತದಲ್ಲಿ ಕುಲಾಂತರಿ ಜೀವಿಗಳಿಗೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳು ಅನ್ವಯಿಸುತ್ತವೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದೂ ಅದೇ ನಿಯಮಗಳ ದಾರಿಯಲ್ಲಿ. ಅನುಮತಿಯಿಲ್ಲದ ಕುಲಾಂತರಿ ಬೀಜ ಮಾರುವುದು ಹೇಗೆ ತಪ್ಪೋ, ಕುಲಾಂತರಿ ಮೀನು ತರಿಸಿ ಮಾರುವುದೂ ಹಾಗೆಯೇ ತಪ್ಪು. ಬ್ರೆಜಿಲ್‌ನಲ್ಲಿ ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡ ಇಂಥ ಮೀನುಗಳು ತೊರೆಗಳಲ್ಲಿ ಮರಿ ಮಾಡುತ್ತಿರುವುದನ್ನು ವಿಜ್ಞಾನಿಗಳು 2022ರಲ್ಲಿ ವರದಿ ಮಾಡಿದ್ದಾರೆ. ಅಲ್ಲಿ ಡೇನಿಯೋ ಪರದೇಶಿ. ಇಲ್ಲಿ ಅದಕ್ಕೆ ಕಾಲುವೆ ತುಂಬ ನೆಂಟರಿರಬಹುದು, ಆದ್ದರಿಂದ ಅಪಾಯ ಹೆಚ್ಚು. ಇದಲ್ಲದೆ ಸೂಜಿಯಿಂದಲೋ ಬಣ್ಣದ ನೀರಿನಲ್ಲಿ ಅದ್ದಿಯೋ ಬಣ್ಣ ಹಾಕಿದ ಮೀನುಗಳೂ ಮಾರಾಟಕ್ಕೆ ಬರುತ್ತವೆ. ಆ ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ, ಮರಿಗೆ ಬರುವುದಿಲ್ಲ. ಅಷ್ಟರೊಳಗೆ ಮೀನೇ ಸೋಂಕು ತಗುಲಿ ಸತ್ತಿರುವುದೂ ಉಂಟು. ಎರಡನ್ನೂ ಕೊಳ್ಳದಿರುವುದೇ ಲೇಸು.

ಮರಿ ಮಾಡಿಸುವ ಕೆಲಸ ನೀರಿನಿಂದ ಶುರುವಾಗುತ್ತದೆ. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಲವಣವೂ ಫ್ಲೋರೈಡೂ ಹೆಚ್ಚು, ಆ ಕಾರಣಕ್ಕೇ ಹಳ್ಳಿಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಬರೀ ಬೋರ್‌ವೆಲ್ ನೀರಿನಲ್ಲಿ ಡೇನಿಯೋ ಬದುಕುತ್ತದೆ, ಆದರೆ ತೀರಾ ಗಡಸು ನೀರಿನಲ್ಲಿ ಮೊಟ್ಟೆ ಚೆನ್ನಾಗಿ ಫಲಿಸುವುದಿಲ್ಲ. ಬರೀ ಘಟಕದ ನೀರಿನಲ್ಲಿ ಖನಿಜ ತೀರಾ ಕಡಿಮೆ, ಅದೂ ಸಲ್ಲದು. ಎರಡನ್ನೂ ಬೆರೆಸಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಕೈಯಳತೆಯ ಟಿಡಿಎಸ್ ಮೀಟರಿನಲ್ಲಿ 300ರಿಂದ 500ರ ನಡುವೆ ತಂದುಕೊಂಡರೆ ಸಾಕು. ಪಿಎಚ್ 7ರಿಂದ 7.5 ಇದ್ದರೆ ಒಳ್ಳೆಯದು. ನಗರಸಭೆಯ ನಲ್ಲಿ ನೀರಾದರೆ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಕ್ಲೋರಿನ್ ಹೋಗಲಾಡಿಸಬೇಕು. ಗದ್ದೆಯ ಬಸಿಗಾಲುವೆಯ ನೀರನ್ನಾಗಲಿ, ಅಲ್ಲಿನ ನೀರುಹುಳುಗಳನ್ನಾಗಲಿ ಔಷಧಿ ಹೊಡೆಯುವ ದಿನಗಳಲ್ಲಿ ತೊಟ್ಟಿಗೆ ತರಲೇಬಾರದು. ಮನುಷ್ಯನ ಕಣ್ಣಿಗೆ ತಿಳಿಯಾಗಿ ಕಾಣುವ ಆ ನೀರು ಮರಿಗಳನ್ನು ರಾತ್ರಿ ಬೆಳಗಾಗುವುದರೊಳಗೆ ಮುಗಿಸುತ್ತದೆ.

ಎರಡನೆಯದು ಬಿಸಿ. ಮರಿ ಮಾಡಲು ಡೇನಿಯೋಗೆ ಬೇಕಾದದ್ದು 26ರಿಂದ 28 ಡಿಗ್ರಿ. ನೀರು 28 ಡಿಗ್ರಿ ಇದ್ದಾಗ ಒಂದು ಲೀಟರಿನಲ್ಲಿ ಹೆಚ್ಚೆಂದರೆ 7.8 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 35ಕ್ಕೆ ಏರಿದರೆ ಸುಮಾರು 7. ಮೀನಿನ ಉಸಿರಾಟ ಮಾತ್ರ ಬಿಸಿಯೊಂದಿಗೆ ಏರುತ್ತ ಹೋಗುತ್ತದೆ. ಏಪ್ರಿಲ್, ಮೇನಲ್ಲಿ ಮರಿ ಮಾಡಿಸುವ ಸಾಹಸ ಬೇಡ. ಆ ಎರಡು ತಿಂಗಳು ತೊಟ್ಟಿಯನ್ನು ಉತ್ತರದ ಗೋಡೆಯ ಬದಿಗೆ ಇಟ್ಟು, ಮೀನಿನ ಸಂಖ್ಯೆ ಕಡಿಮೆ ಮಾಡಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಮಾಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ರಾಯಚೂರಿನ ಒಣ ಗಾಳಿಯಲ್ಲಿ ಈ ಉಪಾಯ ಕರಾವಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಮೆಂಟ್ ತೊಟ್ಟಿಯಾದರೆ ಹೊರಗೋಡೆಗೆ ಒದ್ದೆ ಗೋಣಿತಾಟು ಸುತ್ತಬಹುದು. ಕರೆಂಟು ಹೋದಾಗ ಓಡುವಂತೆ ಬ್ಯಾಟರಿಯ ಗಾಳಿ ಪಂಪೊಂದನ್ನು ಇಟ್ಟುಕೊಂಡಿರಬೇಕು. ಮುಂಗಾರು ಬಿದ್ದ ಮೇಲೆ, ಜುಲೈಯಿಂದ ನವೆಂಬರ್ ತನಕ, ಇಲ್ಲಿ ಡೇನಿಯೋ ತಾನಾಗಿಯೇ ಹುಮ್ಮಸ್ಸಿಗೆ ಬರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಸಣ್ಣ ಹೀಟರ್ ಬೇಕಾದೀತು.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 54 ಲೀಟರ್ ನೀರು ಹಿಡಿಯುತ್ತದೆ, ಹತ್ತು ಹನ್ನೆರಡು ಡೇನಿಯೋಗಳಿಗೆ ಸಾಕು. ಇವು ಗುಂಪಿನ ಮೀನು; ಎರಡೇ ಎರಡು ತಂದರೆ ಒಂದು ಇನ್ನೊಂದನ್ನು ಅಟ್ಟಾಡಿಸುತ್ತಲೇ ಇರುತ್ತದೆ. ಹೆಣ್ಣಿನ ಹೊಟ್ಟೆ ದುಂಡು, ಬೆಳ್ಳಿಬಿಳುಪು. ಗಂಡು ಸಣಕಲು, ಪಟ್ಟೆಗಳ ನಡುವೆ ಹಳದಿ ಛಾಯೆ. ಮೊಟ್ಟೆಗೆ ಬಿಡುವ ಮುಂಚೆ ಒಂದು ವಾರ ಗಂಡು ಹೆಣ್ಣುಗಳನ್ನು ಬೇರೆಬೇರೆ ಇಟ್ಟು ದಿನಕ್ಕೆ ಎರಡು ಮೂರು ಸಲ ಚೆನ್ನಾಗಿ ಉಣಿಸಬೇಕು. ಸೊಳ್ಳೆ ಲಾರ್ವಾಕ್ಕಿಂತ ಒಳ್ಳೆಯ ಊಟವಿಲ್ಲ, ಅದೂ ಪುಕ್ಕಟೆ.

ಸಂಜೆ ಹೊತ್ತಿಗೆ ಹತ್ತು ಹದಿನೈದು ಲೀಟರಿನ ಇನ್ನೊಂದು ತೊಟ್ಟಿಯಲ್ಲಿ ಗೇಣುದ್ದಕ್ಕಿಂತ ಕಡಿಮೆ, ಅಂದರೆ ಐದು ಇಂಚಿನಷ್ಟೇ ನೀರು ತುಂಬಬೇಕು. ತಳದಲ್ಲಿ ಎರಡು ಸಾಲು ಗೋಲಿಗುಂಡು ಹರಡಬೇಕು, ಇಲ್ಲವೇ ಮೊಟ್ಟೆ ಜಾರಿ ಮೀನು ಜಾರದಂಥ ಎರಡು ಮೂರು ಮಿಲಿಮೀಟರ್ ಕಣ್ಣಿನ ಪ್ಲಾಸ್ಟಿಕ್ ಜಾಲರಿಯನ್ನು ತಳದಿಂದ ಒಂದಿಂಚು ಮೇಲೆ ಕೂರಿಸಬೇಕು. ಇದು ಯಾಕೆಂದರೆ ಡೇನಿಯೋ ಅಪ್ಪ ಅಮ್ಮಂದಿರು ತಾವೇ ಉದುರಿಸಿದ ಮೊಟ್ಟೆಯನ್ನು ತಿರುಗಿ ನೋಡಿದರೆ ತಿಂದೇಬಿಡುತ್ತವೆ. ಒಂದು ಹೆಣ್ಣಿಗೆ ಎರಡು ಗಂಡಿನಂತೆ ಬಿಟ್ಟು, ರಾತ್ರಿ ಪೂರ್ತಿ ನಡುವೆ ತೂತಿನ ತಡಿಕೆ ಇಟ್ಟು, ಬೆಳಕಾದ ಮೇಲೆ ತಡಿಕೆ ತೆಗೆದರೆ ಒಂದೆರಡು ಗಂಟೆಯಲ್ಲಿ ಮೊಟ್ಟೆ ಬೀಳುತ್ತದೆ. ಕತ್ತಲೆ ಮುಗಿದು ಬೆಳಕು ಹರಿಯುವುದೇ ಅವುಗಳಿಗೆ ಮುಹೂರ್ತ. ಹದಿನಾಲ್ಕು ಗಂಟೆ ಬೆಳಕು, ಹತ್ತು ಗಂಟೆ ಅಚ್ಚ ಕತ್ತಲೆಯೆಂಬ ಲೆಕ್ಕವನ್ನು ಪ್ರಯೋಗಾಲಯಗಳೂ ತಪ್ಪಿಸುವುದಿಲ್ಲ. ಬಲಿತ ಹೆಣ್ಣು ಒಂದು ಸಲಕ್ಕೆ ನೂರು ಇನ್ನೂರು ಮೊಟ್ಟೆ ಇಡುವುದು ಸಾಮಾನ್ಯ. ವಾರ ಬಿಟ್ಟು ಮತ್ತೆ ಬಿಡಬಹುದು.

ದೊಡ್ಡ ಮೀನುಗಳನ್ನು ತಕ್ಷಣ ತೆಗೆದು, ತೆಳು ಪೈಪಿನಿಂದ ಮೊಟ್ಟೆ ಎಳೆದುಕೊಂಡು ಅಗಲ ಬೋಗುಣಿಗೆ ಹಾಕಬೇಕು. ನೀರು ತುಸು ನೀಲಿಯಾಗುವಷ್ಟು ಮಿಥಿಲೀನ್ ಬ್ಲೂ ಬಿಟ್ಟರೆ ಬೂಸಲು ಹಿಡಿಯುವುದಿಲ್ಲ. ಸಂಜೆಯೊಳಗೆ ಬೆಳ್ಳಗಾದ ಮೊಟ್ಟೆಗಳು ಸತ್ತಂತೆ, ಆರಿಸಿ ಎಸೆಯಬೇಕು. 28 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೆ ಮರಿ ಹೊರಬಂದು ಗೋಡೆಗೆ ಅಂಟಿಕೊಂಡು ನೇತಾಡುತ್ತದೆ. ಆಗ ಊಟ ಹಾಕಿ ನೀರು ಕೆಡಿಸಬಾರದು, ಅದರ ಹೊಟ್ಟೆಯಲ್ಲಿ ಬುತ್ತಿ ಇರುತ್ತದೆ. ನಾಲ್ಕೈದನೆಯ ದಿನ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಈಜತೊಡಗಿದಾಗ ಊಟದ ಹೊತ್ತು. ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿದ್ದರೆ ಆ ಗುಟುಕು ಗಾಳಿ ಸಿಗದೆ ಮರಿಗಳು ತಳದಲ್ಲೇ ಸಾಯುತ್ತವೆ. ಕಾಗದದ ಹಾಳೆ ಮೇಲೆ ಹಾಸಿ ಎತ್ತಿದರೆ ಪೊರೆ ಅದಕ್ಕೆ ಅಂಟಿ ಬರುತ್ತದೆ.

ಮರಿ ಸಾಯುವುದು ಹೆಚ್ಚಾಗಿ ಈ ಮೊದಲ ಹತ್ತು ದಿನದಲ್ಲಿ, ಹಸಿವಿನಿಂದ. ಬಾಯಿ ಅಷ್ಟು ಚಿಕ್ಕದು. ಔಷಧಿ ಬೀಳದ ಭತ್ತದ ಹುಲ್ಲನ್ನು ಕುದಿಸಿ ಆರಿಸಿ, ಅದಕ್ಕೆ ಹಳೇ ತೊಟ್ಟಿಯ ನೀರು ಒಂದು ಲೋಟ ಬೆರೆಸಿ ನಾಲ್ಕೈದು ದಿನ ಬಿಟ್ಟರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಅದೇ ಅವುಗಳ ಅಂಬಲಿ. ಮೊಟ್ಟೆ ಇಡಿಸುವ ಮೂರು ದಿನ ಮುಂಚೆಯೇ ಹುಲ್ಲು ನೆನೆಹಾಕಿದ್ದರೆ ಹೊತ್ತಿಗೆ ಸರಿಯಾಗಿ ಸಿದ್ಧ. ಬೆಂದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಎರಡು ಹನಿ ಹಾಕಬಹುದು, ಹೆಚ್ಚಾದರೆ ನೀರು ನಾರುತ್ತದೆ. ಹತ್ತು ದಿನದ ಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿ. ಲೀಟರಿಗೆ 25–30 ಗ್ರಾಂ ಉಪ್ಪು ಹಾಕಿದ ನೀರಿಗೆ ಅದರ ಮೊಟ್ಟೆ ಸುರಿದು ಗಾಳಿ ಊದಿದರೆ ಒಂದು ದಿನದಲ್ಲಿ ಹೊರಬರುತ್ತವೆ.

ಬಣ್ಣ ವಿಂಗಡಿಸಲು ಅವಸರ ಬೇಡ, ಒಂದೊಂದು ಗುಣ ಒಂದೊಂದು ವಯಸ್ಸಿನಲ್ಲಿ ಕಾಣಿಸುತ್ತದೆ. ಗೋಲ್ಡನ್ ಮರಿಯನ್ನು ಎರಡನೆಯ ದಿನವೇ ಕಣ್ಣಿನ ತಿಳಿಬಣ್ಣದಿಂದ ಹಿಡಿಯಬಹುದು. ಬೆಳೆಯುತ್ತ ಕಣ್ಣು ಕಪ್ಪಾಗುತ್ತದೆ. ಲೆಪರ್ಡ್ ಹಾಗಲ್ಲ. ಎಲ್ಲ ಮರಿಗಳೂ ಮೊದಲು ಒಂದೇ ಥರ, ತಿಂಗಳು ದಾಟಿ ದೊಡ್ಡವರ ಪಟ್ಟೆ ಮೂಡುವಾಗಷ್ಟೇ ಚುಕ್ಕೆ ಬೇರೆಯಾಗುತ್ತದೆ. ಉದ್ದ ರೆಕ್ಕೆ ಇನ್ನೂ ತಡ. ಮೂರು ತಿಂಗಳಿಗೆ ಮೀನು ಬಲಿಯುತ್ತದೆ, ಆದ್ದರಿಂದ ಎರಡು ತಿಂಗಳೊಳಗೆ ಗುಂಪುಗಳನ್ನು ಬೇರ್ಪಡಿಸದಿದ್ದರೆ ಹಾಕಿದ ಲೆಕ್ಕವೆಲ್ಲ ನೀರುಪಾಲು. ತೊಟ್ಟಿಯ ಮೇಲೆ ತಂದೆ, ತಾಯಿ, ತಾರೀಖು ಬರೆದ ಚೀಟಿ ಅಂಟಿಸುವುದು ಈ ಕೆಲಸದ ಅರ್ಧ ಭಾಗ. ಬಹುಪಾಲು ಮಂದಿಯ ತಳಿ ಕೆಡುವುದು ರೋಗದಿಂದಲ್ಲ, ಚೀಟಿ ಇಲ್ಲದೆ.

ಬಿಸಿಯ ಮಾತು ಮತ್ತೆ ಬಂತು. ಪ್ರಯೋಗಾಲಯಗಳಲ್ಲಿ ತಲೆಮಾರುಗಟ್ಟಲೆ ಸಾಕಿದ ಪ್ರಮುಖ ಡೇನಿಯೋ ತಳಿಗಳಲ್ಲಿ ಗಂಡು ಹೆಣ್ಣು ನಿರ್ಧರಿಸುವ ವರ್ಣತಂತುವೇ ಕಳೆದುಹೋಗಿದೆ; ಕಾಡಿನ ಮೀನುಗಳಲ್ಲಿ ಅದು ಇನ್ನೂ ಇದೆ ಎಂದು 2014ರಲ್ಲಿ ಗೊತ್ತಾಯಿತು. ಹೀಗಾಗಿ ಸಾಕುಮೀನಿನಲ್ಲಿ ಸುತ್ತಲಿನ ಪರಿಸ್ಥಿತಿಯ ಕೈ ಮೇಲಾಗುತ್ತದೆ. ಮೊದಲ ವಾರಗಳಲ್ಲಿ ನೀರು 35 ಡಿಗ್ರಿಯ ಹತ್ತಿರ ಇದ್ದರೆ, ಮರಿಗಳು ಕಿಕ್ಕಿರಿದಿದ್ದರೆ, ಊಟ ಸಾಲದಿದ್ದರೆ ಗಂಡುಗಳೇ ಹೆಚ್ಚಾಗುತ್ತವೆ. ಬೇಸಿಗೆಯ ಮರಿಗಳಲ್ಲಿ ಹೆಣ್ಣೇ ಸಿಗುತ್ತಿಲ್ಲವೆಂದರೆ ಥರ್ಮಾಮೀಟರ್ ನೋಡಬೇಕು. ಒಂದೇ ಗೂಡಿನ ಮರಿಗಳನ್ನು ಪೀಳಿಗೆ ಮೇಲೆ ಪೀಳಿಗೆ ಕೂಡಿಸುತ್ತ ಹೋದರೂ ಮೊಟ್ಟೆ ಕಡಿಮೆಯಾಗಿ ಬೆನ್ನು ಬಾಗಿದ ಮರಿಗಳು ಬರುತ್ತವೆ. ಎರಡು ಮೂರು ಪೀಳಿಗೆಗೊಮ್ಮೆ ಹೊರಗಿನ ಪಟ್ಟೆ ಮೀನನ್ನು ತಂದು ಸೇರಿಸಿ, ಬಣ್ಣವನ್ನು ಮತ್ತೆ ಬಿಡಿಸಿಕೊಳ್ಳಬೇಕು. ಸೊರಗಿದ, ಬೆನ್ನು ಡೊಂಕಾದ ಮೀನನ್ನು ಎಷ್ಟೇ ಚಂದವಿದ್ದರೂ ತಳಿಗೆ ಬಳಸಬಾರದು. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕುವುದೂ ಬೇಡ. ಮೀನಿನ ಕ್ಷಯದ ಒಂದು ಬಗೆಯ ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಅಂಟುತ್ತದೆ.

ಬಣ್ಣ ಗಾಢವಾಗಲು ಅಂಗಡಿಯ ದುಬಾರಿ ಪುಡಿಯೇ ಬೇಕೆಂದಿಲ್ಲ. ಹಳದಿ ಕೋಶಗಳು ಕೆರೊಟಿನಾಯ್ಡ್‌ಗಳನ್ನು ಊಟದಿಂದಲೇ ಪಡೆಯುತ್ತವೆ. ಒಣಗಿಸಿ ಪುಡಿಮಾಡಿದ ಚೆಂಡುಹೂವಿನ ಎಸಳು, ಸ್ಪಿರುಲಿನಾ, ಒಣ ಸೀಗಡಿ ಪುಡಿ ಸಾಕು. ನೀರಮಾನ್ವಿ ಯಲ್ಲಮ್ಮನ ಜಾತ್ರೆ, ದೀಪಾವಳಿ ಮುಗಿದ ಮೇಲೆ ಚೆಂಡುಹೂವಿಗೇನು ಬರ, ಔಷಧಿ ಹೊಡೆಯದ್ದು ಎಂದು ಕೇಳಿಕೊಂಡರಾಯಿತು. ತೊಟ್ಟಿಯ ತಳಕ್ಕೆ ಬಿಳಿ ಕಲ್ಲು ಹಾಕಿದರೆ ಮೀನು ಬಿಳಿಚಿಕೊಳ್ಳುತ್ತದೆ, ಕಪ್ಪು ಕಲ್ಲಿನ ಮೇಲೆ ಪಟ್ಟೆ ಎದ್ದು ಕಾಣುತ್ತದೆ.

ಹಣದ ಮಾತು ಬಂದರೆ ತುಸು ಎಚ್ಚರ. ಡೇನಿಯೋ ಅಗ್ಗದ ಮೀನು, ಸಾದಾ ಪಟ್ಟೆಯದಕ್ಕೆ ಚೆನ್ನೈನ ಕೊಳತ್ತೂರಿನಂಥ ದೊಡ್ಡ ಸಗಟು ಪೇಟೆಗಳೊಂದಿಗೆ ದರದಲ್ಲಿ ಪೈಪೋಟಿ ಸಾಧ್ಯವಿಲ್ಲ. ಲೆಕ್ಕವಿಟ್ಟು ತೆಗೆದ ಗೋಲ್ಡನ್ ಲೆಪರ್ಡ್ ಲಾಂಗ್ ಫಿನ್‌ನಂಥ ಜೋಡುಬಣ್ಣಗಳಿಗೆ, ಒಂದೇ ಅಳತೆಯ ಆರೋಗ್ಯವಂತ ಗುಂಪಿಗೆ ಮಾತ್ರ ಬೆಲೆ. ರಾಯಚೂರಿನಿಂದ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ರೈಲೂ ಇದೆ. ಒಂದು ದಿನ ಊಟ ಬಿಡಿಸಿ, ಆಮ್ಲಜನಕ ತುಂಬಿದ ಪಾಲಿಥಿನ್ ಚೀಲದಲ್ಲಿ ಕಟ್ಟಿ ತಂಪು ಹೊತ್ತಿನಲ್ಲಿ ಕಳಿಸುವುದು ರೂಢಿ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿಯಾಗಿ, ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಶೇ 60 ಸಹಾಯಧನ ಇಡಲಾಗಿತ್ತು. ಈಗಿನ ಸ್ಥಿತಿಯನ್ನು ಜಿಲ್ಲಾ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು. ಮೊದಲು ಒಂದು ವರ್ಷ ಎರಡು ತೊಟ್ಟಿಯಲ್ಲಿ ಕೈ ಪಳಗಿಸಿಕೊಳ್ಳದೆ ಅರ್ಜಿ ಹಾಕುವುದು ಜಾಣತನವಲ್ಲ.

ಹದಿನಾರಕ್ಕೆ ಒಂದು ಬೇಕಾದವನ ಮನೆಯಲ್ಲಿ ಬೇಡದ ಹದಿನೈದು ಉಳಿಯುತ್ತವೆ. ಅವನ್ನು ಏನು ಮಾಡುವುದೆಂಬ ಪ್ರಶ್ನೆಗೆ ಕಾಲುವೆ, ಕೆರೆ, ಬಾವಿ ಉತ್ತರವಲ್ಲ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಇಟಲಿಯಿಂದ ತಂದ ಗ್ಯಾಂಬೂಸಿಯಾ ದೇಶದ ಕೆರೆಕುಂಟೆಗಳಲ್ಲೆಲ್ಲ ಹರಡಿ ಊರ ಮೀನುಗಳ ಮೊಟ್ಟೆ ತಿನ್ನುತ್ತಿರುವುದು ಎದುರಿಗೇ ಇದೆ. ಮನೆಯಂಗಳದ, ಹೊರಗೆ ಹರಿಯದ ಸಿಮೆಂಟ್ ತೊಟ್ಟಿಗೆ, ದನಕರು ನೀರು ಕುಡಿಯುವ ಬಾನಿಗೆ ಎಂಟು ಹತ್ತು ಪಟ್ಟೆ ಡೇನಿಯೋ ಬಿಡಬಹುದು. ಅವು ಲಾರ್ವಾ ಉಳಿಸುವುದಿಲ್ಲ. ಡೆಂಗಿ ಹರಡುವ ಮಳೆಗಾಲದಲ್ಲಿ ಅಕ್ಕಪಕ್ಕದವರೂ ಕೇಳಿ ಒಯ್ಯುತ್ತಾರೆ. ಅಂಥ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುವ ಮುನ್ನ ಮೀನು ಹಿಡಿದು ಬಕೆಟ್ಟಿಗೆ ಹಾಕಿಕೊಳ್ಳಬೇಕು ಎಂಬುದನ್ನು ಮಾತ್ರ ಕೊಡುವಾಗಲೇ ಹೇಳಿ ಕಳಿಸಬೇಕು.